ಬೆಂಗಳೂರಿಂದ ಮಂಗಳೂರು: ಗಡಿಯಾರ ನೋಡಿಕೊಂಡು ಮೂರು ದಾರಿ

ಬೆಂಗಳೂರು, ಮಂಗಳೂರು ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 300 ಕಿ.ಮೀ. ರಸ್ತೆಯಲ್ಲಿ ಶಿರಾಡಿ ಘಾಟಿ ಇಳಿದು ಹೋದರೆ 350ರ ಆಸುಪಾಸು. ಟಿಕೆಟ್‌ನಲ್ಲಿ ವಿಮಾನಕ್ಕೆ ಒಂದು ಗಂಟೆ ಅಂತ ಇರುತ್ತದೆ. ಆದರೆ ನಾವು ಹೊರಡುವುದು ಮನೆಯಿಂದ ಅಲ್ವಾ? ಹಾಗಾಗಿ ಬನಶಂಕರಿಯ ನಮ್ಮ ಮನೆ ಬಾಗಿಲಿಂದ ಕದ್ರಿಯ ಅಕ್ಕನ ಮನೆ ಬಾಗಿಲವರೆಗೆ ಎಷ್ಟು ಹೊತ್ತಾಗುತ್ತದೆ ಅಂತ ಮೂರು ಸಲ ಬರೆದಿಟ್ಟುಕೊಂಡೆ.

ಮೊದಲು ವಿಮಾನ. ಹತ್ತೂವರೆಯದಕ್ಕೆ ಬೆಳಿಗ್ಗೆ 6.45ಕ್ಕೆ ಮನೆ ಬಿಟ್ಟೆ. ದೇವನಹಳ್ಳಿ ತಲುಪಿದಾಗ 8.35. ಊರು ದಾಟುವುದಕ್ಕೇ ಹೆಚ್ಚುಕಡಿಮೆ ಎರಡು ಗಂಟೆ! ಆಮೇಲೆ ಬ್ಯಾಗ್ ಕೊಡುವ ಸಾಲು, ತಪಾಸಣೆಯ ಸಾಲು. ಗಾಳಿಯಲ್ಲಿ ಇದ್ದದ್ದು ಮುಕ್ಕಾಲು ಗಂಟೆ ಮಾತ್ರ. ಬಜ್ಪೆಯಲ್ಲಿ ಬ್ಯಾಗ್ ತೆಗೆದುಕೊಂಡು, ಟ್ಯಾಕ್ಸಿ ಹಿಡಿದು ಕದ್ರಿ ಸೇರಿದಾಗ 12.30. ಒಟ್ಟು ಐದೂಮುಕ್ಕಾಲು ಗಂಟೆ. ಇನ್ನೊಂದು ಮಾತು. ಬಜ್ಪೆ ರನ್‌ವೇ ಗುಡ್ಡದ ತಲೆ ಮೇಲಿದೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಕಷ್ಟ. ಹಿಂದೊಮ್ಮೆ ಜುಲೈನಲ್ಲಿ ನಾನಿದ್ದ ವಿಮಾನ ಇಳಿಯಲಾಗದೆ ಬೆಂಗಳೂರಿಗೇ ವಾಪಸ್ ಬಂದಿತ್ತು.

ರಾತ್ರಿ ಬಸ್ಸಿನದು ಸರಳ ಲೆಕ್ಕ. ಒಂಬತ್ತಕ್ಕೆ ಮನೆ ಬಿಟ್ಟೆ, ಹತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಸ್ಲೀಪರ್ ಹತ್ತಿದೆ. ಶಿರಾಡಿಯ ತಿರುವುಗಳಲ್ಲಿ ಒಂದೆರಡು ಸಲ ಎಚ್ಚರವಾಯಿತು, ಅಷ್ಟೇ. ಬಿಜೈಯಲ್ಲಿ ಇಳಿದು ನಡೆದೇ ಹೋದೆ. ಬೆಳಿಗ್ಗೆ ಆರಕ್ಕೆ ಅಕ್ಕನ ಮನೆ. ಒಂಬತ್ತು ಗಂಟೆ ಹಿಡಿಯಿತು, ನಿಜ. ಆದರೆ ಹಗಲು ಒಂದಿಷ್ಟೂ ಹೋಗಲಿಲ್ಲ. ವಿಮಾನದಲ್ಲಿ ಹೋದ ದಿನ ಅರ್ಧ ಹಗಲೇ ಕಳೆದಿತ್ತು.

ಹಗಲು ರೈಲು ಎಲ್ಲಕ್ಕಿಂತ ನಿಧಾನ. ಐದೂವರೆಗೆ ಮನೆ ಬಿಟ್ಟು, ಏಳಕ್ಕೆ ಯಶವಂತಪುರದಲ್ಲಿ ಹತ್ತಿದ್ದು. ಕದ್ರಿ ಸೇರಿದಾಗ ಸಂಜೆ 5.15. ಹಾಸನದವರೆಗೆ ಚೆನ್ನಾಗಿ ಓಡುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯದ್ದೇ ಬೇರೆ ಕತೆ. ಅಲ್ಲಿ ಇಳಿಜಾರು 50ಕ್ಕೆ 1. ಅಂದರೆ ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಇಳಿತ. ರೈಲಿಗೆ ಇದು ತುಂಬಾ ಕಡಿದು. ಅದಕ್ಕೇ ಗಂಟೆಗೆ 30 ಕಿ.ಮೀ. ಮಿತಿ. ಆ 55 ಕಿ.ಮೀ. ಇಳಿಯುವಷ್ಟರಲ್ಲಿ ವಿಮಾನ ಬಜ್ಪೆಗೆ ಹೋಗಿ ವಾಪಸ್ ಬರಬಹುದು.

ಆದರೂ ಆ ಎರಡು ಗಂಟೆ ನನಗೆ ದಂಡ ಅನ್ನಿಸಲಿಲ್ಲ. 57 ಸುರಂಗ ಇವೆ. ಕತ್ತಲೆ ಬಂದಾಗೆಲ್ಲ ಮಕ್ಕಳು ಕಿರುಚುತ್ತಾರೆ. ಹೊರಗೆ ಬಂದ ಕೂಡಲೇ ಸೇತುವೆ, ಕೆಳಗೆ ಹೊಳೆ, ಎದುರಿಗೆ ಮಂಜು ಹೊದ್ದ ಕಾಡು. ವಾಪಸ್ ಬರುವಾಗ ಅಕ್ಕ ಕೊಟ್ಟ ಹತ್ತು ಕಿಲೋ ಕುಚ್ಚಲಕ್ಕಿಯನ್ನು ಸೀಟಿನ ಕೆಳಗೆ ತಳ್ಳಿದೆ. ವಿಮಾನದಲ್ಲಾಗಿದ್ದರೆ 15 ಕಿಲೋ ಮಿತಿಯಲ್ಲಿ ಅಕ್ಕಿಯೋ ಬಟ್ಟೆಯೋ ಅಂತ ಯೋಚಿಸಬೇಕಿತ್ತು.

ಯಲಹಂಕ, ಹೆಬ್ಬಾಳದ ಕಡೆ ಇರುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಅವರಿಗೆ ವಿಮಾನವೇ ಸರಿ. ಆಸ್ಪತ್ರೆಯಂಥ ಅವಸರ ಇದ್ದರೆ ನಾನೂ ಅದನ್ನೇ ಹಿಡಿಯುತ್ತೇನೆ. ಒಬ್ಬನೇ ಹೋಗುವಾಗ ರಾತ್ರಿ ಬಸ್ಸು. ಬರುವ ತಿಂಗಳು ಅಮ್ಮನೂ ಜೊತೆಗಿರುತ್ತಾರೆ. ಮಂಡಿನೋವು, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ರೈಲಿಗೇ ಟಿಕೆಟ್ ಮಾಡಿಸಿದ್ದೇನೆ, ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದೆ.