ಧಾರವಾಡದಲ್ಲಿ ಕಸೂತಿ ಮಾಡಿಸಿದ್ದು: ಕೈಕೆಲಸವೂ ಚೆನ್ನ, ಅಕ್ಕನ ನಡತೆಯೂ ಚೆನ್ನ

ಮಗಳಿಗೂ ಸೊಸೆಗೂ ಇಳಕಲ್ ಸೀರೆ ಮೇಲೆ ಕಸೂತಿ ಹಾಕಿಸಬೇಕಿತ್ತು. ಧಾರವಾಡದಲ್ಲಿ ಮನೆಯಲ್ಲೇ ಈ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಜೊತೆಗೆ ಕೂರುತ್ತಾರೆ. ಬೋರ್ಡು ಇಲ್ಲ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಮೊದಲು ಕೆಲಸದ ಮಾತು. ಪೆನ್ಸಿಲ್ ಗುರುತು, ಅಚ್ಚು ಏನೂ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆ ಬರುತ್ತವೆ. ಗವಂತಿ, ಮುರ್ಗಿ ಹಾಕಿದ ಕಡೆ ಒಳಮೈ ಯಾವುದು, ಹೊರಮೈ ಯಾವುದು ಗೊತ್ತೇ ಆಗುವುದಿಲ್ಲ. ಗಂಟು ಹಾಕುವುದಿಲ್ಲವಲ್ಲ. ಮಗಳ ಸೆರಗಿನ ಗೋಪುರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ದಾರ ಎಲ್ಲಿ ಶುರು, ಎಲ್ಲಿ ಕೊನೆ, ಸಿಗಲಿಲ್ಲ. ಮಷಿನ್ ಎಂಬ್ರಾಯ್ಡರಿಯನ್ನು ಕಸೂತಿ ಅಂತ ಮಾರುವವರು ಜಾಸ್ತಿ ಆಗಿದ್ದಾರೆ. ಕೊಳ್ಳುವ ಮೊದಲು ಸೀರೆ ತಿರುಗಿಸಿ ನೋಡಿ.

ನನಗೆ ಇದಕ್ಕಿಂತ ಹಿಡಿಸಿದ್ದು ಅಕ್ಕ ಗಿರಾಕಿಗಳ ಜೊತೆ ಮಾತಾಡುವ ರೀತಿ. ನಾನು ಕೂತಿದ್ದಾಗಲೇ ಒಬ್ಬರು ಮೊಬೈಲ್ ಚಾಚಿದರು. "ನಮ್ಮ ನೆಗೆಣ್ಣಿದು ಹಿಂಗೈತಿ ನೋಡ್ರಿ, ನಂದು ಇದಕ್ಕಿಂತ ದೊಡ್ಡದಾಗಬೇಕು." ಅಕ್ಕ ಫೋಟೋ ನೋಡಲೇ ಇಲ್ಲ. "ಅದು ಅವರ ಸೀರಿ ರೀ. ನಿಮಗೇನು ಸೇರತೈತಿ ಅದನ್ನ ಹೇಳ್ರಿ." ಬೇರೆಯವರ ಆರ್ಡರನ್ನು ಯಾರಿಗೂ ತೋರಿಸುವುದಿಲ್ಲ. ಮುಗಿದ ಸೀರೆ ನೇರ ಟ್ರಂಕಿಗೆ.

ನನ್ನ ಎರಡು ಸೀರೆಗೆ ಒಂದೇ ಡಿಸೈನ್ ಇರಲಾ ಎಂದು ಕೇಳಿದೆ. "ಒಂದೇ ನಮೂನಿ ಆದ್ರ ಯಾರ್ದು ಜಾಸ್ತಿ ಅಂತ ಎಣಸ್ತಾರ್ರಿ" ಅಂದರು. ಕೊನೆಗೆ ಮಗಳಿಗೆ ಗೋಪುರ, ಸೊಸೆಗೆ ತುಳಸಿಕಟ್ಟೆ ಮತ್ತು ಪಲ್ಲಕ್ಕಿ. ಅವರ ಮಾತು ನಿಜ. ಟೀವಿಯಲ್ಲಿ ಸಿರಿವಂತರ ಮದುವೆ ನೋಡಿ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಒಂದೇ ಮನೆಗೆ ಬಂದ ಸೊಸೆಯರ ನಡುವೆ ಉರಿಯುತ್ತದೆ. ಕುಂಬಾರನಿಗೆ ಕುಂಬಾರನ ಮೇಲೇ ಹೊಟ್ಟೆಕಿಚ್ಚು ಎಂದು ಗ್ರೀಕ್ ಕವಿ ಹೆಸಿಯಡ್ ಎಷ್ಟೋ ಹಿಂದೆಯೇ ಬರೆದಿದ್ದ.

ನಮ್ಮ ಕಾಕುನ, ಅಂದರೆ ಚಿಕ್ಕಪ್ಪನ ಹೆಂಡತಿಯ, ಚಂದ್ರಕಾಳಿಯನ್ನೂ (ಕಸೂತಿ ಹಾಕಿದ ಕಪ್ಪು ಸೀರೆ) ಒಯ್ದಿದ್ದೆ. ಅವ್ವನ ಸೀರೆಯ ಕಸೂತಿ ತನ್ನದಕ್ಕಿಂತ ತುಂಬಿದೆ ಎಂದು ಕಾಕುಗೆ ಮದುವೆಯಾದ ಹೊಸದರಲ್ಲೇ ಅನ್ನಿಸಿಬಿಟ್ಟಿತ್ತು. ಆಮೇಲೆ ತನ್ನದನ್ನು ಉಡಲೇ ಇಲ್ಲ. ಅವ್ವನದು ಉಟ್ಟು ಉಟ್ಟು ಮೆತ್ತಗಾಗಿದೆ, ಇವತ್ತಿಗೂ ಗಟ್ಟಿ. ಕಾಕುನದು ಟ್ರಂಕಿನಲ್ಲಿ ಮಡಿಕೆ ಬದಲಿಸದೆ ಇದ್ದು ಇದ್ದು, ರೇಷ್ಮೆ ಸೆರಗು ಮಡಿಕೆಗುಂಟ ಸೀಳಿದೆ. ಆನೆಯ ಸೊಂಡಿಲು ಒಂದು ಕಡೆ, ಮೈ ಒಂದು ಕಡೆ. ಕಸೂತಿಯ ದಾರದ ಬಣ್ಣ ಮಾತ್ರ ಹೊಸದರಂತೆಯೇ ಇದೆ. ನೋಡಿ ಸಂಕಟವಾಯಿತು. ಅಕ್ಕ ಬೆರಳಿನಿಂದ ಸವರಿ, "ಇದು ಹೊಲಿಗಿ ತಡೆಯಂಗಿಲ್ಲ" ಎಂದು ಹೇಳಿ ವಾಪಸ್ ಕೊಟ್ಟರು. ಸುಮ್ನೆ ದುಡ್ಡು ಕಿತ್ತುಕೊಳ್ಳಲಿಲ್ಲ.

ತಕರಾರೂ ಇದೆ. ಹೇಳಿದ ದಿನಕ್ಕೆ ಕೊಡುವುದಿಲ್ಲ. ಸೊಸೆಯ ಸೀರೆ ಸೀಮಂತ ಮುಗಿದ ಮೇಲೆ ಬಂತು, ಆ ಬೇಸರ ಹೋಗಿಲ್ಲ. ರೇಟು ಮಷಿನ್ ಕೆಲಸಕ್ಕಿಂತ ಬಹಳ ಜಾಸ್ತಿ. ಎಳೆ ಎಣಿಸಿ ಕಣ್ಣು ಸೋಲಿಸಿಕೊಳ್ಳುವವರಿಗೆ ಅಷ್ಟು ಕೊಡಲೇಬೇಕು ಅನ್ನುವುದು ನನ್ನ ಲೆಕ್ಕ.

ಮದುವೆ ಸೀಜನ್ನಿಗೆ ಬಹಳ ಮೊದಲೇ ಸೀರೆ ಕೊಟ್ಟುಬಿಡಿ. ದಾರದ ಬಣ್ಣ ಆರಿಸಲು ಬೆಳಿಗ್ಗೆ ಹೋಗಿ, ಸಂಜೆ ಲೈಟಿನಲ್ಲಿ ಹಸಿರು, ನೀಲಿ ಗೊತ್ತಾಗುವುದಿಲ್ಲ.