ಸುಮ್ಮನೆ ಕೂತ ಸ್ಮಾರ್ಟ್ ಸ್ಪೀಕರ್ ಎಷ್ಟು ಕರೆಂಟ್ ತಿನ್ನುತ್ತೆ? ಮಲೆನಾಡಿನ ಮನೆಯೊಂದರ ಲೆಕ್ಕ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಮೆಜಾನಿನ ಎರಡು ಸ್ಮಾರ್ಟ್ ಸ್ಪೀಕರ್ ಇವೆ: ಅಡುಗೆಮನೆಗೊಂದು ಎಕೋ ಡಾಟ್, ಜಗಲಿಗೊಂದು ಸ್ಕ್ರೀನಿರುವ ಎಕೋ ಶೋ. ಹಾಡು ಹೇಗೆ ಕೇಳುತ್ತೆ ಅನ್ನೋದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನ ತಕರಾರು ಅವು ಸುಮ್ಮನೆ ಕೂತಾಗಿನ ಖರ್ಚಿನದ್ದು, ಯಾಕೆಂದರೆ ದಿನದ ಬಹುಪಾಲು ಅವು ಮಾಡೋದು ಅದನ್ನೇ.

ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇಟ್ಟು ನೋಡಿದೆ. ಡಾಟ್ ಸುಮಾರು 2 ವ್ಯಾಟ್. ಶೋ, ಸ್ಕ್ರೀನ್ ಉರಿಯುವಾಗ 4ರ ಆಸುಪಾಸು, ಆರಿಸಿದರೆ 2. ಕರೆದ ಹೆಸರನ್ನು ಗುರುತಿಸುವ ಕೆಲಸ ಸಾಧನದ ಒಳಗೇ ನಡೆಯುವುದರಿಂದ ಕಿವಿ ತೆರೆದಿಡಲು ಹೆಚ್ಚು ಕರೆಂಟ್ ಬೇಡ. ತಿನ್ನೋದು ಸ್ಕ್ರೀನು. ಎಕೋಗಳಲ್ಲಿ ಕೆಲಸವಿಲ್ಲದಾಗ ತಾನೇ ಶುರುವಾಗುವ ಲೋ ಪವರ್ ಮೋಡ್ ಇದೆ. ಆದರೆ ಸ್ಮಾರ್ಟ್ ಬಲ್ಬುಗಳನ್ನು ನೇರವಾಗಿ ಜೋಡಿಸಿ ನಡೆಸುವ ಹಬ್ ಆಗಿರುವ ಅಥವಾ ವೈರಿನಲ್ಲಿ ಹೊರಗಿನ ಸ್ಪೀಕರ್ ಜೋಡಿಸಿರುವ ಎಕೋಗೆ ಅದು ಅನ್ವಯಿಸಲ್ಲ, ಅದು ಎಚ್ಚರವಾಗಿಯೇ ಇರಬೇಕು.

2 ವ್ಯಾಟ್ ಅಂದರೆ ತಿಂಗಳಿಗೆ ಒಂದೂವರೆ ಯೂನಿಟ್ಟಿಗಿಂತ ತುಸು ಕಡಿಮೆ. ಗೃಹಜ್ಯೋತಿ ಇರೋ ಮನೆಯ ಬಿಲ್ಲಿನಲ್ಲಿ ಇದು ಕಾಣೋದೇ ಇಲ್ಲ. ಆದರೆ 200 ಯೂನಿಟ್ ಗರಿಷ್ಠ ಮಿತಿಯಷ್ಟೇ, ಉಚಿತ ಪಾಲು ನಿಗದಿಯಾಗಿದ್ದು 2022-23ರ ಸರಾಸರಿ ಬಳಕೆಯ ಮೇಲೆ. ಅಂಚಿನಲ್ಲಿರುವವರಿಗೆ ಒಂದೂವರೆ ಯೂನಿಟ್ಟೂ ಲೆಕ್ಕವೇ.

ನಮ್ಮ ಕಡೆ ನಿಜವಾದ ಪ್ರಶ್ನೆ ಬಿಲ್ಲಿನದ್ದಲ್ಲ, ಇನ್ವರ್ಟರಿನದ್ದು. ಕರೆಂಟ್ ತಯಾರಿಗೆ ನೀರು ಕೊಡುವ ಲಿಂಗನಮಕ್ಕಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದ್ದರೇನು, ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಮರುದಿನಕ್ಕೇ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಇರುತ್ತೆ, ಕೈಗೆ ಸಿಗೋದು ಕಡಿಮೆ. ಆಗ ಶೋನ ಸ್ಕ್ರೀನ್ ಆರಿಸಿಟ್ಟರೆ ದಿನಕ್ಕೆ ಸುಮಾರು 48 ವ್ಯಾಟ್ ಅವರ್ ಉಳಿಯುತ್ತೆ. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಐದು ಗಂಟೆ ಉರಿಸಬಹುದು! ಮಳೆಗಾಲದ ಮೂರು ಗಂಟೆಗೇ ಕತ್ತಲಾಗುವ ಜಗಲಿಯಲ್ಲಿ ಅದು ಸಣ್ಣ ಮಾತಲ್ಲ.

ಹಾಗಾಗಿ ರಾತ್ರಿ ಸ್ಕ್ರೀನ್ ತಾನೇ ಆರುವಂತೆ ಆ್ಯಪಿನಲ್ಲಿ ರೂಟೀನ್ ಹಾಕಿದೆ, ಬ್ರೈಟ್‌ನೆಸ್ ಕೋಣೆಯ ಬೆಳಕಿಗೆ ತಕ್ಕಂತೆ ಬದಲಾಗಲು ಬಿಟ್ಟೆ. ಫೋಟೋ ಸ್ಲೈಡ್‌ಶೋ ನಿಲ್ಲಿಸಲು ಮಾತ್ರ ಮಾವನವರು ಒಪ್ಪಿಲ್ಲ, ಮೊಮ್ಮಕ್ಕಳ ಮುಖ ಬರುತ್ತಿರಬೇಕಂತೆ.

ಇಷ್ಟೆಲ್ಲ ಅಳೆದ ಮೇಲೆ ಮೀಟರನ್ನು ಸೆಟ್ ಟಾಪ್ ಬಾಕ್ಸಿಗೂ ಹಾಕಿದೆ. ರಿಮೋಟಿನಲ್ಲಿ ಆಫ್ ಮಾಡಿದರೂ ಅದು ಎರಡು ಸ್ಪೀಕರಿಗಿಂತ ಹೆಚ್ಚು ಎಳೆಯುತ್ತಿತ್ತು! ಬೈಯಬೇಕಾದರೆ ಮೊದಲು ಅದಕ್ಕೆ ಬೈಯಿರಿ, ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿ.

ಕೊಳ್ಳುವವರಿಗೆ: ಹಾಡು, ಅಲಾರಂ ಅಷ್ಟೇ ಸಾಕಾದರೆ ಸ್ಕ್ರೀನಿಲ್ಲದ್ದು ತಗೊಳ್ಳಿ. ಡಿಸ್‌ಪ್ಲೇ ಬೇಕೇ ಬೇಕೆಂದರೆ ಇನ್ವರ್ಟರ್ ಲೈನಿಗೆ ಕೊಡದೆ ಬೇರೆ ಪಾಯಿಂಟಿಗೆ ಹಾಕಿ. ಕರೆಂಟ್ ಹೋದಾಗ ನೆಟ್ಟೂ ಹೋಗುವ ಊರಲ್ಲಿ ಅದು ಎಚ್ಚರವಿದ್ದು ಮಾಡೋದೇನೂ ಇಲ್ಲ. ಗುಡುಗು ಮಿಂಚಿನ ದಿನ ಪ್ಲಗ್ ಕೀಳೋದು ಹೇಗೂ ಇದ್ದಿದ್ದೇ.