ಬೆಳ್ಳಿ ಮೇಲೆ ಗೋಲ್ಡ್ ಪಾಲಿಶ್ ಅಂತ ಹಿತ್ತಾಳೆ ಕೊಟ್ಟರು. ಮ್ಯಾಗ್ನೆಟ್ ತೋರಿಸಿದರೆ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ, ಪಾಲಿಶ್ ಹೋಯಿತು ಅನ್ನೋದು ನನ್ನ ತಕರಾರಲ್ಲ. ಪಾಲಿಶ್ ಇವತ್ತಲ್ಲ ನಾಳೆ ಹೋಗೇ ಹೋಗುತ್ತದೆ. ಒನ್ ಗ್ರಾಂ ಗೋಲ್ಡ್ ಬಳೆ, ಸರ ಹಾಕಿಕೊಂಡೇ ಬೆಳೆದವಳು ನಾನು, ಅಷ್ಟು ಗೊತ್ತು. ಒಳಗೆ ಇದ್ದದ್ದೇ ಬೇರೆ. ಅದಕ್ಕೆ ಈ ಸಿಟ್ಟು.

ಹೋದ ದಸರಾ ಟೈಮಲ್ಲಿ ನಾದಿನಿಯ ಸೀಮಂತಕ್ಕೆ ಅಂತ ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಲಕ್ಷ್ಮಿ ಹಾರ ತಗೊಂಡೆ. ಈಗಿನ ರೇಟಲ್ಲಿ ಚಿನ್ನದ ಮಾತೇ ಇಲ್ಲ, ಬೆಳ್ಳಿ ಮೇಲೆ ಗೋಲ್ಡ್ ಪಾಲಿಶ್ ಆದರೂ ಇರಲಿ ಅಂದುಕೊಂಡೆ. 46 ಗ್ರಾಂ, ಮಜೂರಿ ಸೇರಿ ಗ್ರಾಮಿಗೆ 280 ರೂಪಾಯಿ. ಒಟ್ಟು 12,880. ಹೆಚ್ಚು ಕಮ್ಮಿ ಇದೇ ಡಿಸೈನ್ ಹಿತ್ತಾಳೆಯಲ್ಲಿ ಪಕ್ಕದ ಅಂಗಡಿಯಲ್ಲಿ ಸಾವಿರದೊಳಗೆ ಇತ್ತು. ಬೆಳ್ಳಿ ಅಂತ ತಾನೇ ನಾನು ಅಷ್ಟು ದುಡ್ಡು ಕೊಟ್ಟಿದ್ದು?

ಬೆಳ್ಳಿನೇ ಅಲ್ವಾ ಅಂತ ಎರಡು ಸಲ ಕೇಳಿದೆ. ಅಂಗಡಿಯವನು ಡ್ರಾಯರಿನಿಂದ ಒಂದು ಮ್ಯಾಗ್ನೆಟ್ ತೆಗೆದು ಹಾರದ ಹತ್ತಿರ ಹಿಡಿದ. ಅಂಟಲಿಲ್ಲ. "ನೋಡಿ ಮೇಡಂ, ಡೂಪ್ಲಿಕೇಟ್ ಆಗಿದ್ರೆ ಅಂಟ್ತಿತ್ತು. ಇದು ಪ್ಯೂರ್ 925." 925 ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಪದಕ ತಿರುಗಿಸಿ, ಹಿಂದೆ 925 ಅಂತ ಒತ್ತಿದ್ದನ್ನೂ ತೋರಿಸಿದ. ನಾನು ತಲೆ ಆಡಿಸಿದೆ. ಹಿತ್ತಾಳೆಗೂ ಮ್ಯಾಗ್ನೆಟ್ ಅಂಟಲ್ಲ! ತಾಮ್ರಕ್ಕೂ ಅಂಟಲ್ಲ! ಸ್ಕೂಲಲ್ಲಿ ಓದಿದ್ದು, ಆ ಹೊತ್ತಿಗೆ ಹೊಳೆಯಲೇ ಇಲ್ಲ. ಆ ಮ್ಯಾಗ್ನೆಟ್ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಎರಡು ತಿಂಗಳಾದ ಮೇಲೆ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಹಾರ ಹಾಕಿದ್ರೆ ಕತ್ತು ಹಸಿರಾಗ್ತಿದೆ." ಮೂರೇ ಸಲ ಹಾಕಿದ್ದಂತೆ. ನಾನು ಹೇಳಿದ ಹಾಗೇ ಇಟ್ಟಿದ್ದಳು. ಸೆಂಟು, ಕ್ರೀಮು ಎಲ್ಲ ಆದ ಮೇಲೆ ಕೊನೆಗೆ ಹಾಕೋದು, ಬಿಚ್ಚಿದ ತಕ್ಷಣ ಒಣ ಹತ್ತಿ ಬಟ್ಟೆಯಲ್ಲಿ ಬೆವರು ಒರೆಸೋದು, ಜಿಪ್ ಕವರಲ್ಲಿ ಬೇರೆಯಾಗಿ ಇಡೋದು. ನನಗೆ ಮಾತೇ ಬರಲಿಲ್ಲ. ಅವಳ ಅತ್ತೆ ಮನೆಯವರ ಎದುರಿಗೆ "ಬೆಳ್ಳಿದು" ಅಂತ ಹೇಳಿ ಕೊಟ್ಟಿದ್ದೆ. ಅವರು ಏನಂದುಕೊಂಡಿರಬೇಕು?

ಹಾರ ತರಿಸಿ ನಮ್ಮ ಏರಿಯಾದ ಆಚಾರಿ ಹತ್ತಿರ ತಗೊಂಡು ಹೋದೆ. ಪದಕದ ಹಿಂಭಾಗವನ್ನು ಅರದಲ್ಲಿ ಎರಡು ಸಲ ಉಜ್ಜಿದರು. ಬೆಳ್ಳಿಯಾಗಿದ್ದರೆ ಅಲ್ಲಿ ಬೆಳ್ಳಗೆ ಕಾಣಬೇಕು. ಪಕ್ಕದಲ್ಲಿ ಹಳೇ ಕಾಲ್ಗೆಜ್ಜೆಯ ಒಂದು ತುಂಡು ಉಜ್ಜಿ ಇಟ್ಟರು, ಅದು ಬಿಳಿ. ನಮ್ಮದು ಮಂಕು ಹಳದಿ. ಒಂದು ಹನಿ ಆಸಿಡ್ ಬಿಟ್ಟರು, ಹಸಿರು ನೊರೆ ಎದ್ದಿತು. "ಹಿತ್ತಾಳೆ ಕಣಮ್ಮ" ಅಂದರು, ಅಷ್ಟೇ. ಆ ಸ್ಟೂಲಿನ ಮೇಲೆ ಸುಮ್ನೆ ಕೂತುಬಿಟ್ಟೆ.

ಅಂಗಡಿಯವನ ಉತ್ತರ ಕೇಳಿ. ಮೊದಲು ಫೋನಲ್ಲಿ, "ಕೆಲವರ ಬೆವರೇ ಹಂಗೆ ಮೇಡಂ, ನಾವೇನ್ ಮಾಡಕ್ಕಾಗತ್ತೆ?" ಬಸುರಿ ಹೆಂಗಸಿನ ಬೆವರಿನ ಮೇಲೆ ಹಾಕಿದ! ನೇರ ಹೋಗಿ ಉಜ್ಜಿದ ಜಾಗ ತೋರಿಸಿದೆ. "ಕೊಕ್ಕೆ, ಕೊಂಡಿ ಗಟ್ಟಿ ಇರ್ಲಿ ಅಂತ ಹಿತ್ತಾಳೆ ಹಾಕಿರ್ತಾರೆ." ಉಜ್ಜಿದ್ದು ಪದಕ ಸ್ವಾಮಿ, ಕೊಕ್ಕೆ ಅಲ್ಲ ಅಂದೆ. ಆಗ, "ಬಿಲ್ ನೋಡಿ" ಅಂದ. ನೋಡಿದೆ. "ಫ್ಯಾನ್ಸಿ ಹಾರ 1" ಅಂತ ಬರೆದಿದೆ. ಬೆಳ್ಳಿ ಅಂತ ಎಲ್ಲೂ ಇಲ್ಲ, ತೂಕವೂ ಇಲ್ಲ. ದುಡ್ಡು ಕೊಟ್ಟು ಮಡಚಿ ಪರ್ಸಿಗೆ ಹಾಕಿಕೊಂಡಿದ್ದೆ, ಓದಿರಲೇ ಇಲ್ಲ. ಕೊನೆಗೆ, "ಬೇಕಾದ್ರೆ ಫ್ರೀಯಾಗಿ ಪಾಲಿಶ್ ಹಾಕಿಸಿ ಕೊಡ್ತೀವಿ." ಹಿತ್ತಾಳೆಗೆ ಇನ್ನೊಂದು ಸಲ ಪಾಲಿಶ್! ನಾನು ಕೇಳಿದ್ದು ನನ್ನ ದುಡ್ಡು.

1915ಕ್ಕೆ, ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಏನಾಗುತ್ತದೋ ನೋಡಬೇಕು. ಬಿಲ್ಲಲ್ಲಿ ಬೆಳ್ಳಿ ಅಂತ ಇದ್ದಿದ್ದರೆ ನನ್ನ ಕೈ ಗಟ್ಟಿ ಇರುತ್ತಿತ್ತು.

ನೀವು ತಗೊಳ್ಳೋದಾದರೆ ಬಿಲ್ಲಲ್ಲಿ "ಬೆಳ್ಳಿ 925, ಗೋಲ್ಡ್ ಪಾಲಿಶ್, ಇಷ್ಟು ಗ್ರಾಂ" ಅಂತ ಬರೆಸದೆ ದುಡ್ಡು ಕೊಡಬೇಡಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಬರೀ 925 ಅಂತ ಯಾರು ಬೇಕಾದರೂ ಒತ್ತಬಹುದು. ಜೊತೆಗೆ ಹಾಲ್‌ಮಾರ್ಕ್ ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ತ್ರಿಕೋನ ಗುರುತು ಇದೆಯಾ ನೋಡಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಹಾಲ್‌ಮಾರ್ಕ್ ನಂಬರ್ ಬಂದಿದೆ, ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಬಹುದು. ಆದರೆ ಚಿನ್ನದ ಹಾಗೆ ಕಡ್ಡಾಯ ಮಾಡಲಿಲ್ಲ, ಅದಕ್ಕೇ ಇವರಿಗೆ ಇಷ್ಟು ಧೈರ್ಯ. ಪಾಲಿಶ್ ಎಷ್ಟು ಮೈಕ್ರಾನ್ ಅಂತಲೂ ಕೇಳಿ. ಅರ್ಧ ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲು, ದಿನಾ ಹಾಕಿದರೆ ಬೇಗ ಸವೆದು ಹೋಗುತ್ತದೆ. ಕಪ್ಪಾಯಿತು ಅಂತ ಟೂತ್‌ಪೇಸ್ಟು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಉಳಿದಿದ್ದೂ ಹೋಗುತ್ತದೆ.

ಈಗಾಗಲೇ ಇಂಥದ್ದು ತಗೊಂಡು ಯಾರಿಗಾದರೂ ಉಡುಗೊರೆ ಕೊಡಲು ಇಟ್ಟಿದ್ದರೆ, ಕೊಡುವ ಮೊದಲು ಪರಿಚಯದ ಆಚಾರಿ ಹತ್ತಿರ ಹೋಗಿ ಪದಕದ ಹಿಂದೆ ಒಂಚೂರು ಉಜ್ಜಿಸಿ ನೋಡಿ.